ಮನೆ ಕೊಳ್ಳೋಕೆ ಬಂದೋನ ಅಂಗಿ

"ಅಂಗಿ ಬಿಚ್ಚಿ ಸಾಹೇಬ್ರೆ," ಅಂದ್ಳು ಇಸ್ತ್ರಿ ಅಕ್ಕ.

ಮನೆ ಕೊಳ್ಳೋಕೆ ಅಂತ ಬಂದಿದ್ದ ಸಾಹೇಬ್ರು ಬಾಯಿ ಬಿಟ್ಕೊಂಡು ನಿಂತ್ರು. ಎದೆಯಿಂದ ಹೊಟ್ಟೆವರೆಗೂ ಗಂಜಿ ಇಳೀತಾ ಇತ್ತು. ಬಟ್ಟೆಗೆ ಹಾಕೋ ಗಂಜಿ. ಉಗುರುಬೆಚ್ಚಗೆ, ಅಂಟಂಟು.

"ಇದೇನಮ್ಮಾ ಇದು! ಮನೆ ನೋಡೋಕೆ ಬಂದೋರಿಗೆ ಸ್ನಾನ ಮಾಡಿಸಿ ಕಳಿಸ್ತೀರಾ?"

"ಅಯ್ಯಯ್ಯೋ, ಕೈ ಜಾರಿಬಿಡ್ತು ಸರ್," ಅಂತ ಅಕ್ಕನ ಸೊಸೆ ಖಾಲಿ ಬೋಗುಣಿ ಹಿಡ್ಕೊಂಡು ಕಣ್ಣು ಪಿಳಿಪಿಳಿ ಬಿಟ್ಳು.

ಈ ಸೊಸೆ ಬಸ್ ಕಂಡಕ್ಟರು. ಎಂಬತ್ತು ಜನ ತುಂಬಿದ ಬಸ್ಸಲ್ಲಿ, ಡ್ರೈವರು ಗಕ್ಕಂತ ಬ್ರೇಕ್ ಒತ್ತಿದ್ರೂ, ಕಂಬಿ ಹಿಡೀದೆ ನಿಂತು ಚಹಾ ಕುಡಿಯೋಳು. ಅವಳ ಲೋಟದಿಂದ ಒಂದು ತೊಟ್ಟು ಚೆಲ್ಲಿದ್ದನ್ನ ಕಂಡೋರು ಇನ್ನೂ ಹುಟ್ಟಿಲ್ಲ. ಅಂಥವಳ ಕೈ ಜಾರ್ತು ಅಂದ್ರೆ ಅತ್ತೆ ಕಣ್ಣಲ್ಲೇ ಏನೋ ಸನ್ನೆ ಮಾಡಿದಾಳೆ ಅಂತ ಲೆಕ್ಕ.

ಮಾಡಿದ್ಳು. ಎರಡು ನಿಮಿಷದ ಹಿಂದೆ.

ಅಟ್ಟ ಎಷ್ಟು ಗಟ್ಟಿ ಇದೆ ನೋಡೋಣ ಅಂತ ಸಾಹೇಬ್ರು ಕೈ ಎತ್ತಿ ಹಲಗೆ ಬಡಿದಿದ್ರು. ಕೈ ಮೇಲೆ ಹೋಯ್ತು, ಜತೆಗೆ ಅಂಗಿನೂ ಸೊಂಟದಿಂದ ಮೇಲೆ ಹೋಯ್ತು. ಅಂಗಿಯ ಕೆಳಗಿನ ಅಂಚಲ್ಲಿ, ಒಳಮಗ್ಗುಲಲ್ಲಿ, ಹಸಿರು ದಾರ ಕಾಣಿಸ್ತು. ಮೂರು ಹೊಲಿಗೆ, ಒಂದು ಅಡ್ಡ.

ಅಕ್ಕ ಸೊಸೆ ಕಡೆ ನೋಡಿ, ಗಂಜಿ ಬೋಗುಣಿ ಕಡೆ ಕಣ್ಣು ಹೊರಳಿಸಿದ್ಳು.

ಆ ಗುರುತು ಹಾಕಿದ್ದು ಅವಳೇ. ಅದು ಗಡಿಯಾರದ ಅಣ್ಣನ ಗುರುತು. ಈ ಮನೆ ಯಜಮಾನ, ಮಹಡಿ ಮೇಲಿರೋ ಅಣ್ಣ. ಕಣ್ಣು ಆಪರೇಷನ್ನಿಗೆ ಅಂತ ಆರು ಇಸ್ತ್ರಿ ಅಂಗಿ ಕಟ್ಕೊಂಡು ಹೋದೋರು, ಹದಿನೆಂಟು ದಿನ ಆದ್ರೂ ಪತ್ತೆ ಇಲ್ಲ. ಫೋನೂ ಸತ್ತಿದೆ. ಅವರ ಬದಲು ಬಂದಿದ್ದು ಒಬ್ಬ ಬ್ರೋಕರು, ಮನೆ ಮಾರಾಟಕ್ಕಿದೆ ಅನ್ನೋ ಒಂದು ಕಾಗದ ಹಿಡ್ಕೊಂಡು.

ಈ ಸಾಹೇಬ್ರು ಬಾಗಿಲಲ್ಲಿ ಕಾಲಿಟ್ಟ ಕೂಡ್ಲೇ ಹೇಳಿದ ಮೊದಲ ಮಾತು ಯಾವುದು? "ಮನೆ ಯಜಮಾನ್ರನ್ನ ನಾನು ಕಣ್ಣಲ್ಲೂ ಕಂಡಿಲ್ಲಮ್ಮ. ಎಲ್ಲಾ ಬ್ರೋಕರ್ ಮೂಲಕಾನೇ."

ಕಾಣದ ಮನುಷ್ಯನ ಅಂಗಿ ಇವರ ಮೈ ಮೇಲೆ ಹೆಂಗೆ ಹತ್ತಿಕೊಳ್ತು?

"ಬಿಚ್ಚಿ ಬಿಚ್ಚಿ, ನಾಚ್ಕೊಬೇಡಿ," ಅಂದ್ಳು ಅಕ್ಕ. "ಹತ್ತೇ ನಿಮಿಷ. ಹಿಂಡಿ, ಒಣಗಿಸಿ, ಇಸ್ತ್ರಿ ಹಾಕಿ ಕೊಡ್ತೀನಿ. ಈ ಬೀದೀಲಿ ನನ್ನ ಇಸ್ತ್ರಿ ಅಂದ್ರೆ ಏನು ಅಂದ್ಕೊಂಡಿದೀರಾ? ನೊಣ ಬಂದು ಕೂತ್ರೆ ಜಾರಿ ಬಿದ್ದು ಸೊಂಟ ಮುರ್ಕೊಳ್ಳುತ್ತೆ. ಹೋದ ವಾರ ಎರಡು ನೊಣಕ್ಕೆ ನಾನೇ ಪಟ್ಟಿ ಕಟ್ಟಿದೀನಿ."

"ಬೇಡಮ್ಮ, ಹಿಂಗೇ ಇರ್ತೀನಿ..."

"ಹಿಂಗೇ ಇದ್ರೆ ಗಂಜಿ ಒಣಗಿ ಹಲಗೆ ಆಗುತ್ತೆ. ಆಮೇಲೆ ನೀವು ಬಗ್ಗಿದ್ರೆ ಅಂಗಿ ಬಗ್ಗಲ್ಲ. ಸುತ್ತಿಗೆ ತಗೊಂಡು ಒಡೀಬೇಕಾಗುತ್ತೆ."

ಸೊಸೆ ಆಗ್ಲೇ ಹಿಂದೆ ಬಂದು ಕಾಲರ್ ಹಿಡ್ಕೊಂಡಿದ್ಳು. "ಕೈ ಮುಂದೆ ಮಾಡಿ ಸರ್. ಹಾಂ, ಇನ್ನೊಂದು ಕೈ. ಬೇಗ ಬೇಗ, ಹಿಂದೆ ಜನ ಕಾಯ್ತಿದಾರೆ."

ಹಿಂದೆ ಯಾರೂ ಇರ್ಲಿಲ್ಲ. ಕಂಡಕ್ಟರ್ ಬಾಯಿಗೆ ಅಭ್ಯಾಸ. ಆದ್ರೂ ಆ ದನಿ ಕೇಳಿದ್ರೆ ಎಂಥವನ ಕೈಕಾಲೂ ತಾನಾಗೇ ಆಡುತ್ತೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸಾಹೇಬ್ರು ಬನೀನಲ್ಲಿ ಸ್ಟೂಲ್ ಮೇಲೆ ಕೂತಿದ್ರು. ಬನೀನಲ್ಲಿ ಮೂರು ತೂತು.

ಲಕ್ಷ ಲಕ್ಷದ ಮನೆ ಕೊಳ್ಳೋರ ಬನೀನಲ್ಲಿ ಮೂರು ತೂತು! ಅತ್ತೆ ಸೊಸೆ ಮುಖ ನೋಡಿದ್ಳು. ಸೊಸೆ ಅತ್ತೆ ಮುಖ ನೋಡಿದ್ಳು. ಮನೇಲಿ ಪಾತ್ರೆ ತೊಳೆಯೋ ವಿಷಯಕ್ಕೆ ದಿನಾ ಕಿತ್ತಾಡೋ ಈ ಇಬ್ಬರೂ, ಪತ್ತೇದಾರಿಕೆ ಅಂತ ಬಂದ್ರೆ ಒಂದೇ ಎತ್ತಿನಗಾಡಿಯ ಎರಡು ಎತ್ತು.

ಗೋಡೆ ಗಡಿಯಾರದಲ್ಲಿ ಹನ್ನೊಂದೂವರೆ ದಾಟಿ ಐದು ನಿಮಿಷ ಆಗಿತ್ತು.

ಹನ್ನೆರಡಕ್ಕೆ ಬ್ರೋಕರು ಬರ್ತಾನೆ. ಟೈಪ್ ಮಾಡಿಸೋಕೆ ಅಂತ ಮೂಲೆ ಅಂಗಡಿಗೆ ಹೋಗಿದಾನೆ. 'ನನ್ನ ಅಗ್ರಿಮೆಂಟು ಇನ್ನೂ ಎರಡು ವರ್ಷ ಇದ್ರೂ, ನಾನಾಗೇ ಮನಸಾರೆ ಒಂದು ವಾರದಲ್ಲಿ ಖಾಲಿ ಮಾಡ್ತೀನಿ' ಅನ್ನೋ ಕಾಗದ. ಅದಕ್ಕೆ ಅಕ್ಕ ಸಹಿ ಹಾಕ್ಬೇಕು.

ಮುಂದಿನ ಕೋಣೆ ಅವಳ ಅಂಗಡಿ, ಹಿಂದಿನ ಕೋಣೆ ಅವಳ ಸಂಸಾರ. ಮಗ ಲಾರಿ ಓಡಿಸ್ಕೊಂಡು ತಿಂಗಳಿಗೊಂದು ಸಲ ಮನೆಗೆ ಬರೋನು. ಹತ್ತೊಂಬತ್ತು ವರ್ಷದಿಂದ ನಲವತ್ತೆರಡು ಮನೆ ಬಟ್ಟೆ ಈ ಬಾಗಿಲಿಗೇ ಬರೋದು. ಬಾಗಿಲು ಹೋದ್ರೆ ಬಟ್ಟೆ ಹೋಯ್ತು, ಬಟ್ಟೆ ಹೋದ್ರೆ ಬದುಕು ಹೋಯ್ತು. ಎರಡು ಬೀದಿ ಆಚೆ ಹೋದ್ರೂ ಮುಗೀತು, ಗಂಟು ಹೊತ್ಕೊಂಡು ಅಷ್ಟು ದೂರ ಯಾರು ಬರ್ತಾರೆ?

ಆದ್ರೂ ಅಕ್ಕ ಸಹಿ ಹಾಕೋಕೆ ತಯಾರಿದ್ಳು. ಯಾಕಂದ್ರೆ ಬ್ರೋಕರ್ ತಂದ ಕಾಗದದಲ್ಲಿ ಅಣ್ಣನ ಮಾತಿತ್ತು. 'ತಂಗಿ, ಆಪರೇಷನ್ ಆಗಿದೆ, ಕಣ್ಣಿಗೆ ಪಟ್ಟಿ ಕಟ್ಟಿದಾರೆ, ಬೇರೆಯವರ ಕೈಲಿ ಬರೆಸ್ತಿದೀನಿ. ಮನೆ ಮಾರದೆ ಬೇರೆ ದಾರಿ ಇಲ್ಲ. ನೀನಾಗೇ ಬಿಟ್ಟುಕೊಟ್ರೆ ಉಪಕಾರ.'

ಅಣ್ಣ ನಿಜವಾಗ್ಲೂ ಕೇಳಿದ್ರೆ ಅವಳು ಇವತ್ತೇ ಗಂಟುಮೂಟೆ ಕಟ್ಟೋಳು. ಕೇಳಿದ್ದು ಅಣ್ಣನೇನಾ? ಅಷ್ಟು ಗೊತ್ತಾದ್ರೆ ಸಾಕು. ಇಪ್ಪತ್ತೈದು ನಿಮಿಷದಲ್ಲಿ.

ಅಕ್ಕ ಅಂಗಿ ಹಿಂಡಿ, ಮೇಜಿನ ಮೇಲೆ ಹಾಸಿದ್ಳು. ಇಸ್ತ್ರಿ ಪೆಟ್ಟಿಗೆ ಮುಚ್ಚಳ ತೆಗೆದು ಉಫ್ ಅಂತ ಊದಿದ್ಳು. ಕೆಂಡ ಕೆಂಪಗೆ ನಕ್ಕಿತು.

"ಎಡಗೈ ತೋಳಿಂದ ಶುರು ಮಾಡೋಣ," ಅಂದ್ಳು. "ಒಳ್ಳೆ ಬಟ್ಟೆ ಸಾಹೇಬ್ರೆ. ಎಲ್ಲಿ ತಗೊಂಡ್ರಿ?"

"ಅದಾ... ನಮ್ಮನೆಯವಳು ತಂದಿದ್ದು."

"ರೆಡಿಮೇಡಾ, ಹೊಲಿಸಿದ್ದಾ?"

"ರೆಡಿಮೇಡು, ರೆಡಿಮೇಡು."

ಪೆಟ್ಟಿಗೆ ತೋಳಿನ ಮೇಲೆ ಸುಯ್ಯಂತ ಓಡ್ತು. ಹಬೆ ಎದ್ದಿತು. ಅಕ್ಕ ಭುಜದ ಹೊಲಿಗೆ ಬೆರಳಲ್ಲಿ ಸವರಿದ್ಳು.

"ಭಲೇ ರೆಡಿಮೇಡು! ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗೆ ಇಳಿಸಿ ಹೊಲಿದಿದಾರೆ. ಅಂಗಡೀಲಿ ಇಂಥದ್ದು ಯಾವಾಗಿಂದ ಸಿಗುತ್ತೆ? ಇದು ಎಡಭುಜ ಜೋತಿರೋರಿಗೆ ಅಂತಾನೇ ದರ್ಜಿ ಹೊಲಿದಿರೋದು. ನಲವತ್ತು ವರ್ಷ ಒಂದೇ ಕಡೆ ಬಗ್ಗಿ, ಕಣ್ಣಿಗೆ ಗಾಜು ಇಟ್ಕೊಂಡು, ಗಡಿಯಾರ ರಿಪೇರಿ ಮಾಡಿದ್ರೆ ಹಂಗೆ ಭುಜ ಜೋತುಬೀಳುತ್ತೆ. ನಿಮ್ಮ ಭುಜ ನೋಡಿದ್ರೆ ಬಾಗಿಲ ಚೌಕಟ್ಟು ಇದ್ದಂಗಿದೆ."

ಸಾಹೇಬ್ರು ತಟಕ್ಕಂತ ಎಡಭುಜ ಕೆಳಗಿಳಿಸಿದ್ರು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋದನ್ನ ಸೊಸೆ ಬರೀ ಕೇಳಿದ್ಳು. ಇವತ್ತು ಕಣ್ಣಾರೆ ಕಂಡ್ಳು. ಕಿಸಕ್ಕಂತ ನಗು ಬಂತು, ಬಾಯಿಗೆ ಟವೆಲ್ ಇಟ್ಕೊಂಡ್ಳು.

"ಬಲಗೈ ತೋಳು," ಅಂದ್ಳು ಅಕ್ಕ. "ಈಗ ಎರಡನೇ ಪ್ರಶ್ನೆ."

"ಪ್ರಶ್ನೆನಾ? ಏನಮ್ಮಾ, ಇದು ಇಸ್ತ್ರಿನೋ ಪೊಲೀಸ್ ಸ್ಟೇಷನ್ನೋ?"

"ಸ್ಟೇಷನ್ನಲ್ಲಿ ಇಷ್ಟು ಬಿಸಿ ಇರಲ್ಲ ಸರ್," ಅಂದ್ಳು ಸೊಸೆ. "ಕೂತ್ಕೊಳಿ. ನಿಮ್ಮ ಸ್ಟಾಪ್ ಇನ್ನೂ ಬಂದಿಲ್ಲ."

ಅಕ್ಕ ಅಂಗಿಯ ಅಂಚು ತಿರುವಿ ಹಸಿರು ದಾರ ತೋರಿಸಿದ್ಳು. "ಇದೇನು?"

"ಅದು... ಕಂಪನಿ ಮಾರ್ಕು."

"ಹಂಗಾ! ಕಂಪನಿ ಯಜಮಾನಿ ಇಲ್ಲೇ ನಿಂತಿದಾಳೆ, ಗುರುತು ಸಿಗಲಿಲ್ವಾ?"

ಅಕ್ಕ ಗೋಡೆ ಕಡೆ ಬೊಟ್ಟು ಮಾಡಿದ್ಳು. ಅಲ್ಲೊಂದು ಹಳೇ ರಟ್ಟು ನೇತುಹಾಕಿತ್ತು. ರಟ್ಟಿನ ತುಂಬ ದಾರದ ಗುರುತು. ಕೆಂಪು, ನೀಲಿ, ಹಳದಿ, ಕಪ್ಪು. ನಲವತ್ತೆರಡು ಮನೆಗೆ ನಲವತ್ತೆರಡು ಗುರುತು. ಅಕ್ಕನಿಗೆ ಓದು ಬರಹ ಅಷ್ಟಕ್ಕಷ್ಟೇ, ಸಹಿ ಹಾಕೋಕೇ ಅರ್ಧ ಗಂಟೆ ಬೇಕು. ಆದ್ರೆ ಆ ರಟ್ಟು ಅವಳ ಪುಸ್ತಕ. ಒಂದು ಸಲ ಬೀದೀಲಿ ಹೋಗ್ತಿದ್ದ ಮೆರವಣಿಗೆ ನೋಡಿ, ನೂರು ಜನರಲ್ಲಿ ಹದಿನೇಳು ಜನ ಬೇರೆಯವರ ಅಂಗಿ ಹಾಕ್ಕೊಂಡಿದಾರೆ ಅಂತ ನಿಂತಲ್ಲೇ ಹೇಳಿದ್ಳಂತೆ. ಹದಿನಾರು ಅಂತ ಸೊಸೆ ವಾದ. ಅದು ಬೇರೆ ಜಗಳ.

ಸೊಸೆ ರಟ್ಟಿನ ಹತ್ತಿರ ಹೋಗಿ ಬೆರಳಿಟ್ಟು ಹುಡುಕಿದ್ಳು. "ಹಸಿರು ದಾರ, ಮೂರು ಹೊಲಿಗೆ, ಒಂದು ಅಡ್ಡ. ಇಲ್ಲಿದೆ. ಮಹಡಿ ಮನೆ. ಗಡಿಯಾರದ ದೊಡ್ಡಪ್ಪ."

ಸಾಹೇಬ್ರ ಹಣೆ ಮೇಲೆ ಬೆವರು. ಬಾಗಿಲು ನೋಡಿದ್ರು. ಬಾಗಿಲಿಗೆ ಸೊಸೆ ಅಡ್ಡ ನಿಂತಿದ್ಳು, ಟಿಕೆಟ್ ಇಲ್ದೋನನ್ನ ಹಿಡಿದ ಹಂಗೆ.

"ಇದೆಲ್ಲಾ ಕಾಕತಾಳೀಯ," ಅಂದ್ರು ಸಾಹೇಬ್ರು, ಎದ್ದು ನಿಂತು. ದನಿ ಈಗ ದಪ್ಪ ಆಗಿತ್ತು, ಗಂಭೀರ ಆಗಿತ್ತು. "ನೋಡಮ್ಮ, ನಾನು ಸಾಮಾನ್ಯ ಮನುಷ್ಯ ಅಲ್ಲ. ನನಗೆ ಊರ ತುಂಬ ಆಸ್ತಿ ಇದೆ. ನಿನ್ನ ಈ ಹರಕು ಅಂಗಿ ಕಟ್ಕೊಂಡು ನಾನೇನು ಮಾಡ್ಲಿ? ಕೊಡು ಇಲ್ಲಿ, ಹೊರಡ್ತೀನಿ."

ಅಬ್ಬಾ, ಆ ಗತ್ತು! ಆ ಕೈ ಬೀಸು! ಬನೀನಿನ ಮೂರು ತೂತು ಇಲ್ದಿದ್ರೆ ಅಕ್ಕ ಅರೆಗಳಿಗೆ ನಂಬಿಬಿಡ್ತಿದ್ಳು.

"ಹರಕು ಅಂಗಿ ತಾನೇ? ಹಂಗಾದ್ರೆ ಹೋದ್ರೆ ಹೋಯ್ತು," ಅಂದ್ಳು. ಇಸ್ತ್ರಿ ಪೆಟ್ಟಿಗೆ ಎತ್ತಿ, ಅಂಗಿಯ ಎದೆ ಭಾಗದ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದ್ಳು. "ಇಲ್ಲಿ ಇಟ್ಟು ಹತ್ತು ಎಣಿಸಿದ್ರೆ ಸಾಕು. ಎದೆ ಮೇಲೆ ತಟ್ಟೆ ಅಗಲ ತೂತು. ಒಂದು... ಎರಡು..."

ಪೆಟ್ಟಿಗೆ ಇಳೀತಾ ಬಂತು. ಬಟ್ಟೆ ಬಿಸಿಗೆ ಘಮ್ ಅಂತು.

"ಮೂರು... ನಾಲ್ಕು..."

"ಅಯ್ಯೋ ಬೇಡ ತಾಯಿ!" ಅಂತ ಸಾಹೇಬ್ರು ಕಿರುಚಿದ್ರು. "ಸುಡಬೇಡ! ಆ ಅಂಗಿ ಇಲ್ದಿದ್ರೆ ನನಗೆ ಪಾರ್ಟೇ ಇಲ್ಲ!"

ಅಕ್ಕ ಪೆಟ್ಟಿಗೆನ ಪಕ್ಕಕ್ಕಿಟ್ಳು. ನಿಧಾನವಾಗಿ.

"ಪಾರ್ಟಾ?" ಅಂದ್ಳು. "ಯಾವ ಪಾರ್ಟು?"

ಆ ಮನುಷ್ಯ ಸ್ಟೂಲ್ ಮೇಲೆ ಕುಸಿದ. ಇಲ್ಲಿಂದ ಮುಂದೆ ಅವನಿಗೆ 'ಸಾಹೇಬ್ರು' ಅನ್ನೋ ಮರ್ಯಾದೆ ಬೇಡ. ಗತ್ತೆಲ್ಲ ಗಾಳಿ ಬಿಟ್ಟ ಬಲೂನ್ ಥರ ಪುಸ್ಸಂತ ಹೋಗಿತ್ತು.

"ನಾನು ನಾಟಕದೋನು ತಾಯಿ," ಅಂದ. "ಮೂವತ್ತು ವರ್ಷ ರಾಜನ ಪಾರ್ಟು ಹಾಕಿದೋನು. ಕಂಪನಿ ಮುಚ್ಚಿಹೋಯ್ತು. ಬ್ರೋಕರು ಬಂದು, ಮೂರು ಪಾರ್ಟಿದೆ, ಮಾಡ್ತೀಯಾ ಅಂದ. ಒಪ್ಪಿಕೊಂಡೆ."

"ಮೂರಾ!" ಅಂತ ಸೊಸೆ ಕಣ್ಣರಳಿಸಿದ್ಳು. ಅವಳಿಗೆ ಭಯಕ್ಕಿಂತ ಉತ್ಸಾಹ ಜಾಸ್ತಿ. "ಒಂದೊಂದಾಗಿ ಹೇಳಿ. ನುಗ್ಗಬೇಡಿ."

"ಒಂದು ಇದೇ. ಮನೆ ಕೊಳ್ಳೋ ಸಾಹುಕಾರ. ನಿಜವಾಗಿ ಕೊಳ್ಳೋರು ಯಾರೋ ನನಗೆ ಗೊತ್ತಿಲ್ಲ, ಮುಖ ತೋರಿಸಲ್ಲ ಅಂತಾರಂತೆ. ನಾನು ಬಂದು ನಾಲ್ಕು ಒಳ್ಳೆ ಮಾತಾಡಿ ನಿಮ್ಮ ಕೈಲಿ ಸಹಿ ಹಾಕಿಸೋಕೆ ಒತ್ತಾಸೆ ಆಗ್ಬೇಕಿತ್ತು."

"ಎರಡನೇದು?"

ನಾಟಕದೋನು ತಲೆ ತಗ್ಗಿಸಿದ. "ಅದು ಮೊನ್ನೆ ಆಗೋಯ್ತು. ನಿಮ್ಮ ಸೊಸೆಯ ಅಣ್ಣನ ಪಾರ್ಟು."

"ನಮ್ಮಣ್ಣನಾ?" ಸೊಸೆ ಎರಡು ಹೆಜ್ಜೆ ಮುಂದೆ ಬಂದ್ಳು. "ಯಾರ ಮುಂದೆ?"

"ಆ ಗಡಿಯಾರದ ಯಜಮಾನ್ರ ಮುಂದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಕೊಂಡು ಮಂಚದ ಮೇಲೆ ಕೂತಿದ್ರು. ನಾನು ಹೋಗಿ ಅಂದೆ, 'ದೊಡ್ಡಪ್ಪಾ, ನಾನು ನಿಮ್ಮ ಬಾಡಿಗೆಯವರ ಬೀಗ. ಅವರಿಗೆ ದೊಡ್ಡ ಅಂಗಡಿ ಸಿಕ್ಕಿದೆ, ಅವರೇ ಖುಷಿಯಿಂದ ಬಿಟ್ಟು ಹೋಗ್ತಿದಾರೆ. ನೀವು ನಿಶ್ಚಿಂತೆಯಿಂದ ಮಾರಿ.' ಹತ್ತು ನಿಮಿಷ ಮಾತಾಡಿದೆ. ಒಂದೂ ತಪ್ಪಿಲ್ದೆ."

"ಥೂ ನಿಮ್ಮ! ನಮ್ಮಣ್ಣ ಹುಟ್ಟಿದಾಗಿಂದ ಹತ್ತು ನಿಮಿಷ ಮಾತಾಡಿದ್ದೇ ಇಲ್ಲ! ಮದುವೆಗೆ ಹೆಣ್ಣು ಒಪ್ಪಿಗೇನಾ ಅಂತ ಕೇಳಿದ್ರೂ ಕೆಮ್ಮಿದೋನು ಅವನು!"

ಅಕ್ಕ ನಗಲಿಲ್ಲ. ಅವಳ ಮನಸ್ಸು ಕುದುರೆ ಥರ ಓಡ್ತಿತ್ತು. ಅಲ್ಲಿ ಅಣ್ಣನಿಗೆ ಹೇಳಿದಾರೆ, ತಂಗಿ ತಾನಾಗೇ ಬಿಡ್ತಿದಾಳೆ ಅಂತ. ಇಲ್ಲಿ ತಂಗಿಗೆ ಹೇಳಿದಾರೆ, ಅಣ್ಣನೇ ಬಿಡು ಅಂತಿದಾರೆ ಅಂತ. ಎರಡು ಕಡೆನೂ ಸುಳ್ಳು. ನಡುವೆ ಬ್ರೋಕರು ಬೆಣ್ಣೆ ತಿಂತಿದಾನೆ.

ಅಂದ್ರೆ ಕಾಗದದಲ್ಲಿದ್ದ ಮಾತು ಅಣ್ಣಂದಲ್ಲ! ಅವಳಿಗೆ ಹತ್ತು ದಿನದಿಂದ ಎದೆ ಮೇಲಿದ್ದ ಗುಂಡುಕಲ್ಲು ಉರುಳಿ ಬಿದ್ದಂಗಾಯ್ತು. ಕುಣೀಬೇಕು ಅನ್ನಿಸ್ತು. ಮಂಡಿನೋವು ನೆನಪಾಗಿ ಸುಮ್ಮನಾದ್ಳು.

"ಅಣ್ಣ ಎಲ್ಲಿದಾರೆ?"

"ದೇವ್ರಾಣೆ ಗೊತ್ತಿಲ್ಲ ತಾಯಿ. ಕಾರಿನ ಕಿಟಕಿಗೆ ಪರದೆ ಎಳೆದು ಕರ್ಕೊಂಡು ಹೋಗಿದ್ರು. ಯಾವುದೋ ಮನೆ, ಮೇಲಿನ ಕೋಣೆ. ನಾನು ಅವರನ್ನ ಕಂಡಿದ್ದು ಅದೊಂದೇ ಸಲ."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಕೇಳಿಸ್ಕೊಂಡ್ರು, ತಲೆ ಆಡಿಸಿದ್ರು. ನಾನು ಬರೋವರೆಗೂ ಒಂದು ಮಾತಾಡಲಿಲ್ಲ."

ಹನ್ನೊಂದೂ ಐವತ್ತು.

"ಮೂರನೇ ಪಾರ್ಟು ಯಾವುದು?" ಅಂದ್ಳು ಅಕ್ಕ. ಕೇಳ್ತಾ ಕೇಳ್ತಾನೇ ಅವಳ ಕಣ್ಣು ಮೇಜಿನ ಮೇಲಿನ ಅಂಗಿ ಕಡೆ ಹೋಯ್ತು. ಬಿಳೀ ಅಂಗಿ. ಅಣ್ಣನ ಅಂಗಿ. ಬ್ರೋಕರ್ ಮೂಟೆಗಟ್ಟಲೆ ಅಂಗಿ ಕೊಳ್ಳಬಲ್ಲೋನು, ಬೇರೆಯವರದ್ದು ಯಾಕೆ ಕೊಟ್ಟ?

ನಾಟಕದೋನು ಪಿಸುಗುಟ್ಟಿದ. "ಹನ್ನೆರಡೂವರೆಗೆ ರಿಜಿಸ್ಟ್ರಾರ್ ಆಫೀಸು. ಕಣ್ಣಿಗೆ ಪಟ್ಟಿ ಕಟ್ಕೊಂಡು, ಈ ಅಂಗಿ ಹಾಕ್ಕೊಂಡು, ಎಡಭುಜ ಇಳಿಸಿ ಕೂತ್ಕೋಬೇಕು. ರಿಜಿಸ್ಟ್ರಾರ್ ಸಾಹೇಬ್ರು 'ಮನೆ ಮಾರಿದೀಯಾ' ಅಂತ ಕೇಳ್ತಾರೆ. 'ಹೂಂ' ಅನ್ಬೇಕು. ಅಷ್ಟೇ ಪಾರ್ಟು. ಮುಖದ ಅರ್ಧ ಪಟ್ಟಿ ಇದ್ರೆ ಫೋಟೋ ಜತೆ ಯಾರು ಹೋಲಿಸ್ತಾರೆ?"

"ಅಂದ್ರೆ ದೊಡ್ಡಪ್ಪ ಮಾರೋಕೆ ಒಪ್ಪಿಲ್ಲ!" ಅಂತ ಸೊಸೆ ಚಪ್ಪಾಳೆ ಹೊಡೆದ್ಳು. "ಒಪ್ಪಿದ್ರೆ ಅವರನ್ನೇ ಕರ್ಕೊಂಡು ಹೋಗ್ತಿದ್ರು, ಇವನ ಪಾರ್ಟ್ ಯಾಕೆ ಬೇಕಿತ್ತು?"

"ನಿನ್ನ ತಲೆ ಇಷ್ಟು ಓಡುತ್ತೆ ಅಂತ ಗೊತ್ತಿದ್ರೆ ಮದುವೆಗೆ ಮುಂಚೆನೇ ಮಾರ್ಕ್ಸ್ ಕಾರ್ಡ್ ಕೇಳ್ತಿದ್ದೆ," ಅಂದ್ಳು ಅತ್ತೆ.

"ಕೇಳಿದ್ರೆ ಮದುವೆನೇ ಆಗ್ತಿರಲಿಲ್ಲ ಅತ್ತೆ."

ನಾಟಕದೋನು ಅಕ್ಕನ ಮುಂದೆ ಕೈ ಜೋಡಿಸಿದ. ಕಣ್ಣಲ್ಲಿ ನೀರು. "ನಾನೂ ಬಾಡಿಗೆ ಮನೆಯೋನೇ ತಾಯಿ. ಐದು ಸಲ ಸಾಮಾನು ಬೀದಿಗೆ ಬಿದ್ದಿರೋದನ್ನ ನೋಡಿದೀನಿ. ಮಾಡಬಾರದ ಪಾಪ ಮಾಡಿದೆ. ನೀವು ಏನು ಹೇಳಿದ್ರೂ ಕೇಳ್ತೀನಿ."

"ಅತ್ತೆ, ನೀರು ಒಂದೇ ಕಣ್ಣಲ್ಲಿ ಬರ್ತಿದೆ," ಅಂತ ಸೊಸೆ ಕಿವಿಯಲ್ಲಿ ಊದಿದ್ಳು.

"ಇನ್ನೊಂದು ಕಣ್ಣಿಗೆ ಗಂಜಿ ಹೊಡೆದಿದೀಯಲ್ಲೇ, ಅಂಟಿಕೊಂಡಿರುತ್ತೆ ಸುಮ್ನಿರು."

ಅಕ್ಕ ಕೋಣೆಯಲ್ಲಿ ಎರಡು ಸುತ್ತು ಹಾಕಿದ್ಳು. ಸಹಿ ಹಾಕಲ್ಲ ಅಂದ್ರೆ ಏನಾಗುತ್ತೆ? ಬ್ರೋಕರ್ ಮೂಗು ನಾಯಿ ಮೂಗು, ವಾಸನೆ ಹಿಡೀತಾನೆ. ಎಲ್ಲಾ ಮುಚ್ಚಿಟ್ಟು ಓಡ್ತಾನೆ. ಕಣ್ಣಿಗೆ ಪಟ್ಟಿ ಕಟ್ಟಿರೋ ಅಣ್ಣ ಅವನ ಕೈಲೇ ಉಳೀತಾರೆ. ಆಮೇಲೆ ಎಲ್ಲಿ ಅಂತ ಹುಡುಕೋದು?

ಸಹಿ ಹಾಕಿದ್ರೆ? ಬ್ರೋಕರ್ ಹಿಗ್ಗಿ ಹೀರೇಕಾಯಿ ಆಗಿ ನೇರ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ತಾನೆ. ಅಲ್ಲಿ, ದೊಡ್ಡ ಸಾಹೇಬ್ರ ಮುಂದೆ, ಪೊಲೀಸ್ನೋರು ಬಾಗಿಲಲ್ಲಿ ನಿಂತಿರೋ ಜಾಗದಲ್ಲಿ...

"ನಿನಗೆ ಇನ್ನೊಂದು ಪಾರ್ಟ್ ಕೊಡ್ತೀನಿ," ಅಂದ್ಳು ನಾಟಕದೋನಿಗೆ. "ಪುಕ್ಕಟೆ. ಒಂದೇ ಮಾತಿಂದು. ಸಾಹೇಬ್ರು 'ನೀನೇ ಮನೆ ಯಜಮಾನನಾ' ಅಂತ ಕೇಳ್ತಾರಲ್ಲ, ಆಗ ಪಟ್ಟಿ ಕಿತ್ತು 'ಅಲ್ಲ' ಅನ್ಬೇಕು. ಗಟ್ಟಿಯಾಗಿ. ಹಿಂದಿನ ಸಾಲಿನವರಿಗೂ ಕೇಳೋ ಹಂಗೆ."

"ಅಂತೀನಿ ತಾಯಿ! ನನ್ನ ಕಲೆಯಾಣೆ!"

"ಅತ್ತೆ, ಇವನು ಅಂದೇ ಅಂತಾನೆ ಅಂತ ಏನು ಗ್ಯಾರಂಟಿ?" ಸೊಸೆ ತಡೆಯೋಕೆ ನೋಡಿದ್ಳು. "ನಿಮ್ಮ ಸಹಿ ಅವರ ಕೈಲಿರುತ್ತೆ. ಇವನು 'ಅಲ್ಲ' ಅನ್ನದಿದ್ರೆ ಮನೆನೂ ಹೋಯ್ತು, ಅಂಗಡಿನೂ ಹೋಯ್ತು."

"ಅದಕ್ಕೇ ನಾವೂ ಹೋಗ್ತೀವಿ. ನಿಮ್ಮ ಹನ್ನೆರಡೂ ಹತ್ತರ ಬಸ್ಸು ಆಫೀಸ್ ಮುಂದೆ ನಿಲ್ಲುತ್ತಲ್ಲ?"

"ನಿಲ್ಲದಿದ್ರೆ ನಿಲ್ಲಿಸ್ತೀನಿ!"

ಹೊರಗೆ ಕಾರ್ ಬಂದು ನಿಂತ ಸದ್ದು. ಅಕ್ಕ ಅಂಗಿ ಎಸೆದ್ಳು, ನಾಟಕದೋನು ಗಾಳೀಲೇ ತೋಳು ತೂರಿಸಿದ. ಗುಂಡಿ ಹಾಕ್ಕೊಳ್ತಾ ಹಾಕ್ಕೊಳ್ತಾ ಎದೆ ಉಬ್ಬಿಸಿದ, ಗದ್ದ ಎತ್ತಿದ. ಬ್ರೋಕರು ಒಳಗೆ ಕಾಲಿಡೋ ಹೊತ್ತಿಗೆ ಸಾಹುಕಾರ ಮತ್ತೆ ಸಾಹುಕಾರ.

"ಏನಕ್ಕಾ, ಸಾಹೇಬ್ರನ್ನ ಚೆನ್ನಾಗಿ ನೋಡ್ಕೊಂಡ್ರಾ?" ಅಂದ ಬ್ರೋಕರು. ಅವನ ಮಾತಿಗೆ ಬೀದಿ ಜನ ಇಟ್ಟಿರೋ ಹೆಸರು ಬೆಣ್ಣೆ. ಬಾಯಿ ತೆಗೆದ್ರೆ ನೆಲ ಜಾರುತ್ತೆ. "ಅರೆ, ಅಂಗಿ ಯಾಕೆ ಬಿಸಿಬಿಸಿ ಇದೆ?"

"ಸೊಸೆ ನೀರು ಚೆಲ್ಲಿದ್ಳು. ಇಸ್ತ್ರಿ ಹಾಕಿಕೊಟ್ಟೆ."

ಬ್ರೋಕರ್ ಕಣ್ಣು ಅಂಗಿ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅಕ್ಕನ ಮೇಲೆ. ಆಮೇಲೆ ಗೋಡೆ ಮೇಲಿನ ರಟ್ಟಿನ ಕಡೆ ಹೊರಳ್ತಿತ್ತು...

"ಕಾಗದ ತಂದ್ಯಾ ಇಲ್ವಾ?" ಅಂತ ಅಕ್ಕ ಗದರಿದ್ಳು. "ಮನಸ್ಸು ಬದಲಾಗೋಕೆ ಮುಂಚೆ ಕೊಡು. ಅಣ್ಣನಿಗೆ ಉಪಕಾರ ಆಗುತ್ತೆ ಅಂದ್ರೆ ನಂದೇನು ತಕರಾರಿಲ್ಲ."

ಬೆಣ್ಣೆ ಕರಗಿತು. ಕಾಗದ ಮೇಜಿನ ಮೇಲೆ ಬಂತು, ಪೆನ್ನು ಕೈಗೆ ಬಂತು. ಅಕ್ಕ ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಇಟ್ಟಿಗೆ ಜೋಡಿಸಿದ ಹಂಗೆ ಜೋಡಿಸಿದ್ಳು. ಹತ್ತೊಂಬತ್ತು ವರ್ಷದ ಬಾಗಿಲು ಆ ಪೆನ್ನಿನ ತುದೀಲಿ ತೂಗ್ತಿತ್ತು.

ಆಯ್ತು.

ಬ್ರೋಕರ್ ಕಾಗದ ಮಡಚಿ ಜೇಬಿಗೆ ಇಟ್ಕೊಂಡು, ಕುಣಿದಾಡ್ತಾ ಕಾರ್ ಕಡೆ ಓಡಿದ. "ಬನ್ನಿ ಸಾಹೇಬ್ರೆ, ಹೊತ್ತಾಯ್ತು!"

ನಾಟಕದೋನು ಹೊಸ್ತಿಲ ಹತ್ತಿರ ನಿಂತ.

ಸೊಸೆಗೆ ಇನ್ನೂ ಅನುಮಾನ. ಮೆಲ್ಲಗೆ ಕೇಳಿದ್ಳು, "ಅಲ್ಲ, ಒಂದು ವೇಳೆ ಪಟ್ಟಿ ಕೀಳೋಕೆ ಮುಂಚೆನೇ ಅನುಮಾನ ಬಂದು ಮಾತಾಡಿಸಿದ್ರೆ? ದೊಡ್ಡಪ್ಪನ ಪಾರ್ಟು ನಿಮಗೆ ನೆಟ್ಟಗೆ ಬರುತ್ತಾ?"

ಕಲಾವಿದನಿಗೆ ಕೇಳಬಾರದ ಪ್ರಶ್ನೆ ಅದು. ಅವನ ಮುಖ ಕೆಂಪಾಯ್ತು. ತಿರುಗಿದ. ಎಡಭುಜ ಮೆಲ್ಲಗೆ ಇಳೀತು, ಕತ್ತು ಒಂದು ಕಡೆ ವಾಲ್ತು, ಬಲಗೈ ಬಾಗಿಲ ಚೌಕಟ್ಟು ಹಿಡೀತು. ಗಂಟಲು ಸರಿ ಮಾಡ್ಕೊಂಡು, ಸ್ವಲ್ಪ ನಕ್ಕು, ಅಂದ:

"ತಂಗೀ, ಕೆಂಡ ಆರಿಸ್ಬೇಡ. ಹಿಂಗೆ ಹೋಗಿ ಹಂಗೆ ಬಂದೆ."

ಅಂದು, ಮತ್ತೆ ನೆಟ್ಟಗಾಗಿ, ಸಾಹುಕಾರನ ನಡಿಗೇಲಿ ಹೋಗಿ ಕಾರ್ ಹತ್ತಿದ. ಬಾಗಿಲು ಧಡ್ ಅಂತು. ಕಾರ್ ಬೀದಿ ತಿರುವು ದಾಟಿ ಮಾಯ ಆಯ್ತು.

"ಅಬ್ಬಬ್ಬಾ!" ಸೊಸೆ ಕೆನ್ನೆ ಹಿಡ್ಕೊಂಡ್ಳು. "ಥೇಟ್ ದೊಡ್ಡಪ್ಪನೇ ಅತ್ತೆ! ಅದೇ ದನಿ, ಅದೇ ಮಾತು! ನನಗಂತೂ ರೋಮ ನಿಂತ್ಕೊಳ್ತು ನೋಡಿ! ಬನ್ನಿ ಬನ್ನಿ, ಬಸ್ಸಿಗೆ ಹೊತ್ತಾಯ್ತು!"

ಅಕ್ಕ ಅಲ್ಲಾಡಲಿಲ್ಲ.

ಅಣ್ಣ ದಿನಾ ಬೆಳಗ್ಗೆ ಮಹಡಿ ಇಳಿದು ಬಂದು, ಇದೇ ಚೌಕಟ್ಟು ಹಿಡಿದು, ಇದೇ ಮಾತು ಹೇಳಿ ಹೋಗೋರು. ಅವಳಿಗೆ ಮಾತ್ರ, ಈ ಹೊಸ್ತಿಲಲ್ಲಿ ಮಾತ್ರ. ಬೇರೆ ಯಾರಿಗೆ ಹೇಳಿದ್ರೂ ಅದಕ್ಕೆ ಅರ್ಥನೇ ಇಲ್ಲ. ಬ್ರೋಕರು ಈ ಬೀದಿಗೆ ಕಾಲಿಟ್ಟಿದ್ದೇ ಅಣ್ಣ ಹೋದ ಮೇಲೆ. ಈ ನಾಟಕದೋನು ಬಂದಿದ್ದು ಇವತ್ತೇ ಮೊದಲು.

"ಅಣ್ಣನ್ನ ಎಷ್ಟು ಸಲ ಕಂಡೆ ಅಂದ ಅವನು?"

"ಒಂದೇ ಸಲ."

"ಅಣ್ಣ ಏನು ಮಾತಾಡಿದ್ರು ಅಂದ?"

"ಒಂದು ಮಾತೂ ಆಡಲಿಲ್ಲ ಅಂದ..." ಸೊಸೆ ತಿರುಗಿ ಬಾಗಿಲ ಚೌಕಟ್ಟು ನೋಡಿದ್ಳು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿದ್ಳು.

"ಓಡೇ," ಅಂದ್ಳು. "ಅವನು ನಮಗೆ ಹೇಳಿದ್ದೂ ಸುಳ್ಳೇ, ಅಲ್ಲಿ 'ಅಲ್ಲ' ಅನ್ನಲ್ಲ. ಅವನಿಗೆ ಈ ಪಾರ್ಟು ಕೂರಿಸಿ ಹೇಳಿಕೊಟ್ಟಿರೋದು ನಮ್ಮ ಅಣ್ಣನೇ."